ಅಲಾಯ್ ವೀಲ್ ಹಾಕಿಸಿದ ಮೇಲೆ ಟಿಪಿಎಂಎಸ್ ದೀಪ ಮಿನುಗುತ್ತಿದೆ: ದಾವಣಗೆರೆ, ದುರ್ಗದ ಕಡೆಯವರು ಸ್ವಲ್ಪ ನೋಡಿ

ಹದಡಿ ರೋಡ್

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ನಮ್ಮದು ಮಧ್ಯಮ ಗಾತ್ರದ ಎಸ್‌ಯುವಿ. ಕಂಪನಿಯಿಂದ ಬಂದಿದ್ದು 16 ಇಂಚಿನ ಕಬ್ಬಿಣದ ಡಿಸ್ಕ್, 205/65 ಆರ್16 ಟೈರ್ (ಅಗಲ 205 ಮಿಲಿಮೀಟರ್, ಪಕ್ಕೆಯ ಎತ್ತರ ಅಗಲದ 65 ಶೇಕಡಾ, ಡಿಸ್ಕ್ 16 ಇಂಚು). ಟಿಪಿಎಂಎಸ್, ಅಂದರೆ ಟೈರಿನ ಗಾಳಿ ಮೇಲೆ ಕಣ್ಣಿಡುವ ವ್ಯವಸ್ಥೆ, ಕಾರಿನ ಜೊತೆಗೇ ಬಂದಿತ್ತು. ನಾಲ್ಕೂ ಚಕ್ರದ ಗಾಳಿ ಎಷ್ಟಿದೆ ಅಂತ ಬೇರೆ ಬೇರೆಯಾಗಿ ಪರದೆ ಮೇಲೆ ಕಾಣುತ್ತಿತ್ತು.

ಮೊನ್ನೆ ಊರಲ್ಲೇ ಒಂದು ಅಂಗಡಿಯಲ್ಲಿ 17 ಇಂಚಿನ ಅಲಾಯ್ ವೀಲ್, ಅದಕ್ಕೆ 215/60 ಆರ್17 ಹೊಸ ಟೈರ್ ಹಾಕಿಸಿದೆ. ಇದೇ ಮಾಡೆಲ್‌ನ ಟಾಪ್ ಕಾರಿಗೆ ಕಂಪನಿಯವರೇ ಈ ಅಳತೆ ಕೊಡುತ್ತಾರೆ. ಹಾಗಾಗಿ ಧೈರ್ಯ ಮಾಡಿದೆ. ಈಗ ಎರಡು ತೊಂದರೆ.

ಒಂದು, ಕಾರು ಸ್ಟಾರ್ಟ್ ಮಾಡಿದಾಗ ಹಳದಿ ಟೈರ್ ದೀಪ ಒಂದು ನಿಮಿಷದಷ್ಟು ಹೊತ್ತು ಮಿನುಗಿ, ಆಮೇಲೆ ಹಾಗೇ ಉರಿಯುತ್ತದೆ. ನಾಲ್ಕೂ ಚಕ್ರದ ಜಾಗದಲ್ಲಿ ಬರೀ ಗೆರೆ ಬರುತ್ತಿದೆ. ಇನ್ನೊಂದು, 90ರ ಹತ್ತಿರ ಹೋದರೆ ಸ್ಟೇರಿಂಗ್ ಸಣ್ಣಗೆ ನಡುಗುತ್ತದೆ.

ಅಂಗಡಿಯವರನ್ನು ಕೇಳಿದರೆ "ಅಲಾಯ್ ಹಾಕಿದರೆ ಹಂಗೇ ಸರ್, ದೀಪ ಬಿಡಿ, ಗಾಳಿ ಸರಿ ಇದೆ" ಅಂದರು. ಮುಂದಿನ ವಾರ ಮನೆಯವರನ್ನೆಲ್ಲ ಕರೆದುಕೊಂಡು ಹೊಸಪೇಟೆಗೆ ಹೋಗಬೇಕು. ಅಪ್ಪ ಅಮ್ಮ ಇರುತ್ತಾರೆ. ಈ ದೀಪ ಇಟ್ಟುಕೊಂಡು ಹೋಗಲು ಮನಸ್ಸಿಲ್ಲ. ಏನಾಗಿರಬಹುದು?

ಜೋಗಿಮಟ್ಟಿ

ಹಳೇ ಡಿಸ್ಕ್, ಟೈರ್ ಎಲ್ಲಿವೆ ಸರ್? ಮಾರಿಬಿಟ್ಟಿರಾ?

ಹದಡಿ ರೋಡ್

ಇಲ್ಲ ಮೇಡಂ, ಮನೆಯ ಮಾಳಿಗೆ ಮೇಲೆ ಟಾರ್ಪಾಲ್ ಮುಚ್ಚಿ ಇಟ್ಟಿದ್ದೇನೆ. ಒಳ್ಳೆ ಟೈರು, ಬಟನ್ (ನೆಲಕ್ಕೆ ತಾಗುವ ರಬ್ಬರ್ ಉಬ್ಬುಗಳು) ಇನ್ನೂ ಚೆನ್ನಾಗಿದೆ.

ಪಿಬಿ ರೋಡ್ ಟೈರ್

ಹದಡಿ ರೋಡ್ ಅವರೇ, ಮೊದಲು ಒಂದು ಕೆಲಸ ಮಾಡಿ. ಈಗ ಕಾರಿನಲ್ಲಿರುವ ಅಲಾಯ್‌ನ ಗಾಳಿ ಹಿಡಿಸುವ ವಾಲ್ವ್ ನೋಡಿ. ಕಪ್ಪು ರಬ್ಬರಿನದಾ, ಲೋಹದ್ದಾ? ಆಮೇಲೆ ಮಾಳಿಗೆಗೆ ಹೋಗಿ ಹಳೇ ಡಿಸ್ಕಿನ ವಾಲ್ವ್ ನೋಡಿ. ಎರಡರ ಫೋಟೋ ಹಾಕಿ.

ಹದಡಿ ರೋಡ್

ನೋಡಿದೆ. ಅಲಾಯ್‌ನಲ್ಲಿ ಕಪ್ಪು ರಬ್ಬರು. ಹಳೇ ಡಿಸ್ಕಿನಲ್ಲಿ ಬೆಳ್ಳಗಿನ ಲೋಹದ ವಾಲ್ವ್, ಬುಡದಲ್ಲಿ ಒಂದು ನಟ್ ಇದೆ.

ಪಿಬಿ ರೋಡ್ ಟೈರ್

ಹಾಗಾದರೆ ನಿಮ್ಮ ಸೆನ್ಸರ್‌ಗಳು ನಾಲ್ಕೂ ಮಾಳಿಗೆ ಮೇಲಿವೆ. ಕಾರಿನಲ್ಲಿ ಇಲ್ಲ. ಏನೂ ಹಾಳಾಗಿಲ್ಲ, ಗಾಬರಿ ಬೇಡ.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮುಂದೆ ಓದುವವರಿಗೂ ಉಪಯೋಗಕ್ಕೆ ಬರಲಿ.

ಟಿಪಿಎಂಎಸ್‌ನಲ್ಲಿ ಎರಡು ಜಾತಿ. ನಿಮ್ಮದು ನೇರವಾಗಿ ಅಳೆಯುವ ಜಾತಿ. ಪ್ರತಿ ಚಕ್ರದ ಒಳಗೆ, ವಾಲ್ವ್‌ನ ಬುಡಕ್ಕೆ ಅಂಟಿಕೊಂಡ ಹಾಗೆ ಒಂದು ಚಿಕ್ಕ ಸೆನ್ಸರ್ ಇರುತ್ತದೆ. ಅದರಲ್ಲಿ ಬ್ಯಾಟರಿ, ಒತ್ತಡ ಅಳೆಯುವ ಚಿಪ್, ರೇಡಿಯೋ ಮೂರೂ ಇವೆ. ಪ್ರತಿ ಸೆನ್ಸರ್‌ಗೂ ತನ್ನದೇ ನಂಬರ್ ಇದೆ. ಚಕ್ರ ತಿರುಗಲು ಶುರುವಾದರೆ ಎಚ್ಚರವಾಗಿ, ಆಗಾಗ ತನ್ನ ನಂಬರ್ ಜೊತೆ ಗಾಳಿಯ ಒತ್ತಡ, ಉಷ್ಣತೆ ಎರಡನ್ನೂ ಕಾರಿಗೆ ಕಳಿಸುತ್ತದೆ. ಕಾರು ತನಗೆ ಕಲಿಸಿದ ನಾಲ್ಕು ನಂಬರ್‌ಗಳನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ಪಕ್ಕದ ಕಾರಿನದು ಬಂದರೆ ಬಿಟ್ಟುಬಿಡುತ್ತದೆ.

ಇನ್ನೊಂದು ಜಾತಿಯಲ್ಲಿ ಚಕ್ರದೊಳಗೆ ಏನೂ ಇರುವುದಿಲ್ಲ. ಎಬಿಎಸ್‌ಗೆ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಅಂತ ಪ್ರತಿ ಚಕ್ರಕ್ಕೂ ವೇಗದ ಸೆನ್ಸರ್ ಇದೆ ಅಲ್ವಾ, ಅದನ್ನೇ ಬಳಸಿಕೊಳ್ಳುತ್ತದೆ. ಗಾಳಿ ಇಳಿದ ಟೈರ್ ಸ್ವಲ್ಪ ಕುಗ್ಗುತ್ತದೆ. ಕುಗ್ಗಿದ ಚಕ್ರ ಉಳಿದವುಗಳಿಗಿಂತ ಜಾಸ್ತಿ ಸುತ್ತು ತಿರುಗಬೇಕಾಗುತ್ತದೆ. ಆ ವ್ಯತ್ಯಾಸ ಹಿಡಿದು ದೀಪ ಹಾಕುತ್ತದೆ. ಇದರಲ್ಲಿ ಎಷ್ಟು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅಂತ ಅಂಕಿ ಕಾಣುವುದಿಲ್ಲ. ಅಂಥ ಕಾರಿಗೆ ಅಲಾಯ್ ಹಾಕಿದರೆ ಸೆನ್ಸರ್ ಬದಲಿಸುವ ತಲೆನೋವಿಲ್ಲ. ಗಾಳಿ ಸರಿ ಮಾಡಿ, ರೀಸೆಟ್ ಒತ್ತಿ, ಸ್ವಲ್ಪ ದೂರ ಓಡಿಸಿದರೆ ಮುಗಿಯಿತು. ಆದರೆ ಗಾಳಿ ಸರಿ ಮಾಡಿ ಆಮೇಲೆ ರೀಸೆಟ್. ಮೊದಲು ರೀಸೆಟ್ ಒತ್ತಿದರೆ ಆ ಕಡಿಮೆ ಗಾಳಿಯೇ ಸರಿ ಅಂತ ಕಾರು ಕಲಿತುಬಿಡುತ್ತದೆ. ನಾಲ್ಕೂ ಟೈರಿನಲ್ಲಿ ಒಂದೇ ಸಮ ಗಾಳಿ ಇಳಿದರೆ ಈ ಜಾತಿಯದಕ್ಕೆ ಅದನ್ನು ಹಿಡಿಯುವುದು ಕಷ್ಟ.

ಈಗ ನಿಮ್ಮ ದೀಪದ ವಿಷಯ. ಗಾಳಿ ಕಡಿಮೆಯಾದರೆ ದೀಪ ಮಿನುಗುವುದಿಲ್ಲ, ಬಂದ ತಕ್ಷಣ ನೆಟ್ಟಗೆ ಉರಿಯುತ್ತದೆ. ಒಂದು, ಒಂದೂವರೆ ನಿಮಿಷ ಮಿನುಗಿ ಆಮೇಲೆ ನಿಂತು ಉರಿದರೆ ವ್ಯವಸ್ಥೆಯಲ್ಲೇ ದೋಷ ಅಂತ ಅರ್ಥ. ಸೆನ್ಸರ್ ಸಿಗುತ್ತಿಲ್ಲ ಅಂತ ಕಾರು ಹೇಳುತ್ತಿದೆ. ಕಾರು ಸರಿಯಾಗೇ ಹೇಳಿದೆ. ನಿಮ್ಮ ಅಂಗಡಿಯವರು ಕೇಳಿಸಿಕೊಳ್ಳಬೇಕಿತ್ತು.

ದೀಪ ಬಿಟ್ಟುಬಿಡಿ ಅನ್ನುವ ಮಾತು ಮಾತ್ರ ನನಗೆ ಸಿಟ್ಟು ಬರಿಸುತ್ತದೆ. ಹಾಗೇ ಓಡಿಸಿದರೆ ನಾಳೆ ನಿಜವಾಗಿ ಗಾಳಿ ಇಳಿದಾಗಲೂ ಅದೇ ದೀಪ, ಅದೇ ಹಳದಿ. ಇಳಿದಿದ್ದು ಗೊತ್ತೇ ಆಗುವುದಿಲ್ಲ.

ಹಿರಿಯೂರು ತೆಂಗು

ತಮ್ಮಾ, ನಾನು ಲಾರಿ, ಟಿಟಿ ಎಲ್ಲ ಓಡಿಸಿದವನು. ಈ ಸೆನ್ಸರ್ ಗಿನ್ಸರ್ ಇಲ್ಲದ ಕಾಲದಿಂದ ಬೆಂಗಳೂರು-ಪೂನಾ ರೋಡಿನಲ್ಲಿದ್ದೇನೆ. ಬೆಳಿಗ್ಗೆ ಹೊರಡುವಾಗ ಪಾನಾ ತಗೊಂಡು ಟೈರಿಗೆ ಬಡಿದು ಸದ್ದು ಕೇಳುತ್ತಿದ್ದೆವು. ಕಾರಿನವರು ಕಾಲಲ್ಲಿ ಒತ್ತಿ ನೋಡಿದರೂ ಸಾಕು. ಸುಮ್ನೆ ಖರ್ಚು ಯಾಕೆ?

ಪಿಬಿ ರೋಡ್ ಟೈರ್

ಅಣ್ಣಾ, ಬೆಳಿಗ್ಗೆ ಹೊರಡುವ ಮುಂಚೆ ನೋಡುವ ನಿಮ್ಮ ಅಭ್ಯಾಸ ದೊಡ್ಡದು. ಅದನ್ನು ಯಾರೂ ಬಿಡಬಾರದು. ಲಾರಿ ಟೈರಿಗೆ ಬಡಿದು ನೋಡುವುದರಲ್ಲಿ ಅರ್ಥವಿದೆ. ಜೋಡಿ ಚಕ್ರದಲ್ಲಿ ಒಳಗಿನದು ಕೂತಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತದೆ.

ಕಾರಿನ ರೇಡಿಯಲ್ ಟೈರಿನ ಕಥೆ ಬೇರೆ. ಅದರ ಪಕ್ಕೆ ಮೆತ್ತಗೆ. 33 ಇರಬೇಕಾದ ಕಡೆ 25 ಇದ್ದರೂ ನಿಂತಾಗ ನೋಡಲು ಹೆಚ್ಚು ಕಡಿಮೆ ಹಾಗೇ ಕಾಣುತ್ತದೆ. ಕಾಲಲ್ಲಿ ಒತ್ತಿದರೂ ಗಟ್ಟಿಯಾಗೇ ಇರುತ್ತದೆ. ಆ 25ರಲ್ಲಿ ಐದು ಜನ, ಸಾಮಾನು, ಮೇ ತಿಂಗಳ ಬಿಸಿಲು, 100ರ ವೇಗ ಎಲ್ಲ ಸೇರಿದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಒಳಗೇ ಕಾದು ಹೋಗುತ್ತದೆ. ಟೈರ್ ಸಿಡಿಯುವುದಕ್ಕೆ ಗಾಳಿ ಜಾಸ್ತಿ ಆಗಿದ್ದೇ ಕಾರಣ ಅಂತ ಬಹಳ ಜನ ನಂಬಿದ್ದಾರೆ. ಕಡಿಮೆ ಗಾಳಿಯಲ್ಲಿ ಓಡಿ ಕಾದ ಟೈರೇ ಜಾಸ್ತಿ ಅಪಾಯ.

ಈ ಸೆನ್ಸರ್ ಬಂದಿದ್ದೇ ಅಂಥ ಕಾರಣಕ್ಕೆ. ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರ್ ಹಾಕಿದ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿ ಟೈರಿನ ಮೇಲ್ಪದರ ಕಿತ್ತುಹೋಗಿ ಗಾಡಿ ಮಗುಚಿ ಬಹಳ ಜನ ಸತ್ತರು. ಅದಾದ ಮೇಲೆ 2000ದಲ್ಲಿ ಕಾನೂನು ತಂದರು. 2007ರ ಸೆಪ್ಟೆಂಬರ್‌ನಿಂದ ಅಲ್ಲಿ ಹೊಸ ಕಾರುಗಳಿಗೆಲ್ಲ ಟಿಪಿಎಂಎಸ್ ಕಡ್ಡಾಯ. ಕಂಪನಿ ಹೇಳಿದ ಗಾಳಿಗಿಂತ 25 ಶೇಕಡಾ ಇಳಿದರೆ ದೀಪ ಬರಲೇಬೇಕು ಅನ್ನುವುದು ಅಲ್ಲಿನ ನಿಯಮ. ಯುರೋಪಿನಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರಿಗೂ ಬಂತು.

ಕುಂದವಾಡ ಕೆರೆ

ನಮ್ಮ ದೇಶದಲ್ಲಿ ಕಡ್ಡಾಯವಾ? ಸ್ಟೆಪ್ನಿ ಇಲ್ಲದ ಕಾರು ಬರುತ್ತಿವೆ, ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಕೇಳಿದ್ದೆ.

ಪಿಬಿ ರೋಡ್ ಟೈರ್

ಸಂಬಂಧ ಇದೆ. 2020ರಲ್ಲಿ ಕೇಂದ್ರ ಸಾರಿಗೆ ಇಲಾಖೆ ಮೋಟಾರು ವಾಹನ ನಿಯಮ ತಿದ್ದಿತು. ಟ್ಯೂಬ್‌ಲೆಸ್ ಟೈರ್, ಟಿಪಿಎಂಎಸ್, ಪಂಚರ್ ರಿಪೇರಿ ಕಿಟ್ ಮೂರೂ ಇದ್ದರೆ ಕಾರಿಗೆ ಸ್ಟೆಪ್ನಿ ಕೊಡದಿದ್ದರೂ ನಡೆಯುತ್ತದೆ. ಎಲ್ಲ ಕಾರಿಗೂ ಟಿಪಿಎಂಎಸ್ ಇರಲೇಬೇಕು ಅಂತ ಅಲ್ಲಿ ಹೇಳಿಲ್ಲ.

ಜೋಗಿಮಟ್ಟಿ

ಖರ್ಚಿನ ಮಾತು ಬಂತಲ್ಲ, ನನ್ನದೂ ಹೇಳುತ್ತೇನೆ. ನನ್ನದು ಸ್ವಿಫ್ಟ್, ಟಿಪಿಎಂಎಸ್ ಇಲ್ಲದ ಮಾಡೆಲ್. ವಾಲ್ವ್ ಮುಚ್ಚಳದ ಜಾಗದಲ್ಲಿ ತಿರುಗಿಸಿ ಹಾಕುವ ಸೆನ್ಸರ್ ನಾಲ್ಕು, ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಚಾರ್ಜ್ ಆಗುವ ಪುಟ್ಟ ಪರದೆ, ಇಷ್ಟು ತರಿಸಿಕೊಂಡೆ. ದಿನಾ ದುರ್ಗದಿಂದ ಚಳ್ಳಕೆರೆ ಕಡೆ ಶಾಲೆಗೆ ಹೋಗಿ ಬರುತ್ತೇನೆ.

ನಮ್ಮ ಕಡೆ ಬಳ್ಳಾರಿ ಜಾಲಿ ಎಷ್ಟಿದೆ ಅಂತ ನಿಮಗೆ ಗೊತ್ತು. ರಸ್ತೆ ಬದಿ ಕಡಿದು ಹಾಕಿರುತ್ತಾರೆ, ಗಾಡಿ ಪಕ್ಕಕ್ಕೆ ಇಳಿಸಿದರೆ ಮುಳ್ಳು ಗ್ಯಾರಂಟಿ. ಒಂದು ದಿನ ಪರದೆಯಲ್ಲಿ ಎಡಗಡೆ ಹಿಂದಿನ ಚಕ್ರ 31 ತೋರಿಸಿತು. ಮಾರನೇ ದಿನ ಅದೇ ಹೊತ್ತಿಗೆ 29. ಉಳಿದ ಮೂರು 33ರಲ್ಲೇ ಇದ್ದವು. ಟೈರ್ ನೋಡಿದರೆ ಏನೂ ಇಲ್ಲ. ಮೊಳೆ ಇಲ್ಲ, ತೂತು ಇಲ್ಲ.

ಪಂಚರ್ ಅಂಗಡಿಯ ಹುಡುಗ ಮೊದಲು "ಏನೂ ಇಲ್ಲ ಮೇಡಂ" ಅಂದ. ಚಕ್ರ ಬಿಚ್ಚಿಸಿ ಸೋಪು ನೀರು ಸುರಿಸಿದೆ. ಬಟನ್ ನಡುವಿನ ಗೀರಿನಲ್ಲಿ ಒಂದು ಕಡೆ ರಾಗಿ ಕಾಳಿನಷ್ಟು ಗುಳ್ಳೆ ನಿಧಾನಕ್ಕೆ ಊದಿತು, ಒಡೆಯಿತು, ಮತ್ತೆ ಊದಿತು. ಇಕ್ಕಳದಲ್ಲಿ ಕೆದಕಿದಾಗ ಮುರಿದ ಜಾಲಿ ಮುಳ್ಳು ಬಂತು. ಹೊರಗಿನ ತುದಿ ರಬ್ಬರಿನ ಮಟ್ಟಕ್ಕೆ ಸವೆದು ಕಪ್ಪಾಗಿತ್ತು. ಹಾಗಾಗಿ ಕಣ್ಣಿಗೆ ಬಿದ್ದಿರಲಿಲ್ಲ. ಮುಳ್ಳೇ ತೂತಿಗೆ ಬಿರಡೆ ಆಗಿತ್ತು, ಅದಕ್ಕೇ ದಿನಕ್ಕೆ ಎರಡೇ ಪಿಎಸ್‌ಐ ಇಳಿಯುತ್ತಿತ್ತು. ಕಾಲಲ್ಲಿ ಒತ್ತಿ ನೋಡಿದ್ದರೆ ವಾರಗಟ್ಟಲೆ ಗೊತ್ತಾಗುತ್ತಿರಲಿಲ್ಲ.

ಹಿರಿಯೂರು ತೆಂಗು

ಜಾಲಿ ಮುಳ್ಳಿನ ಮಾತು ನಿಜ ಕಣಮ್ಮಾ. ಅದಕ್ಕೆ ಬಡಿದು ನೋಡಿದರೂ ಗೊತ್ತಾಗುವುದಿಲ್ಲ. ಈ ಮುಚ್ಚಳದ ಸೆನ್ಸರ್ ಕಳ್ಳರು ಬಿಚ್ಚಿಕೊಂಡು ಹೋಗುವುದಿಲ್ಲವಾ?

ಜೋಗಿಮಟ್ಟಿ

ಜೊತೆಗೆ ಒಂದು ಲಾಕ್ ನಟ್ ಕೊಡುತ್ತಾರೆ ಅಣ್ಣ. ಮೊದಲು ಆ ನಟ್ ಹಾಕಿ, ಮೇಲೆ ಸೆನ್ಸರ್ ತಿರುಗಿಸಿ, ನಟ್ಟನ್ನು ಸೆನ್ಸರ್ ಕಡೆಗೆ ಬಿಗಿ ಮಾಡಬೇಕು. ಸುಮ್ನೆ ಕೈಯಲ್ಲಿ ತಿರುಗಿಸಿದರೆ ಬರುವುದಿಲ್ಲ. ಆದರೆ ಗಾಳಿ ಹಿಡಿಸಬೇಕಾದರೆ ಪ್ರತಿ ಸಲ ಪುಟ್ಟ ಸ್ಪ್ಯಾನರ್ ಬೇಕು. ಅದನ್ನು ಕಾರಿನಲ್ಲೇ ಇಟ್ಟುಕೊಳ್ಳಿ.

ಪಿಬಿ ರೋಡ್ ಟೈರ್

ಮೇಡಂ ಹೇಳಿದ್ದು ಒಳ್ಳೆ ಉದಾಹರಣೆ. ಒಂದು ಸೇರಿಸುತ್ತೇನೆ. ಮುಚ್ಚಳದ ಸೆನ್ಸರ್ ಹಾಕುವವರು ವಾಲ್ವ್ ಕಡೆ ಗಮನ ಕೊಡಿ. ಹಳೇ ರಬ್ಬರ್ ವಾಲ್ವ್ ಬಿಸಿಲಿಗೆ ಒಣಗಿ ಬುಡದಲ್ಲಿ ಸಣ್ಣ ಬಿರುಕು ಬಿಟ್ಟಿರುತ್ತದೆ. ಅದರ ತುದಿಗೆ ಭಾರ ಸೇರಿಸಿದರೆ ಜೋರು ವೇಗದಲ್ಲಿ ಹೊರಕ್ಕೆ ಬಾಗಿ ಬಾಗಿ ಬಿರುಕು ದೊಡ್ಡದಾಗುತ್ತದೆ. ಹೊಸ ವಾಲ್ವ್ ಹಾಕಿಸಿ, ಆದರೆ ಲೋಹದ್ದೇ ಹಾಕಿಸಿ. ಮುಚ್ಚಳದ ಸೆನ್ಸರ್ ಇರುವಾಗ ವಾಲ್ವ್‌ನ ಪಿನ್ ಒತ್ತಿಯೇ ಇರುತ್ತದೆ. ಸೆನ್ಸರ್‌ನ ರಬ್ಬರ್ ವಾಷರ್ ಹಾಳಾದರೆ ಅಲ್ಲೇ ಗಾಳಿ ಸೋರುತ್ತದೆ. ಹಾಕಿದ ಮೇಲೆ ಅಲ್ಲೂ ಸೋಪು ನೀರು ಹಚ್ಚಿ ನೋಡಿ.

ಹದಡಿ ರೋಡ್

ಎಲ್ಲರಿಗೂ ಧನ್ಯವಾದ. ಹಾಗಾದರೆ ಹಳೇ ಸೆನ್ಸರ್ ಬಿಚ್ಚಿ ಅಲಾಯ್‌ಗೆ ಹಾಕಿಸಬಹುದಾ, ಇಲ್ಲಾ ಹೊಸದು ತಗೊಳ್ಳಬೇಕಾ? ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತಿವೆ. ನಡುಗುವುದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಪಿಬಿ ರೋಡ್ ಟೈರ್

ನಡುಕಕ್ಕೂ ಸೆನ್ಸರ್‌ಗೂ ಸಂಬಂಧ ಇಲ್ಲ. ಅದನ್ನು ಕೊನೆಗೆ ಹೇಳುತ್ತೇನೆ.

ನಿಮ್ಮ ಹಳೇ ಸೆನ್ಸರ್‌ಗಳನ್ನೇ ಹಾಕಿಸಿ. ಅವು ನಿಮ್ಮ ಕಾರಿಗೆ ಗೊತ್ತಿರುವ ನಂಬರ್‌ಗಳು. ಹೊಸದು ಹಾಕಿದರೆ ಆ ನಂಬರ್‌ಗಳನ್ನು ಕಾರಿಗೆ ಕಲಿಸಬೇಕು. ಕೆಲವು ಕಾರು ಓಡಿಸುತ್ತಾ ಹೋದರೆ ತಾನೇ ಕಲಿಯುತ್ತವೆ, ಕೆಲವಕ್ಕೆ ಸ್ಕ್ಯಾನರ್ ಚುಚ್ಚಿ ಬರೆಯಬೇಕು. ಆನ್‌ಲೈನ್ ಸೆನ್ಸರ್‌ನಲ್ಲಿ ಇನ್ನೊಂದು ಅಪಾಯ ಇದೆ. ನಮ್ಮ ಕಾರುಗಳು ಸಾಮಾನ್ಯವಾಗಿ 433 ಮೆಗಾಹರ್ಟ್ಸ್‌ನವು. ಅಮೆರಿಕಕ್ಕೆ ಮಾಡಿದ ಸೆನ್ಸರ್ ಜಾಸ್ತಿ 315ರದ್ದು. ನೋಡಲು ಒಂದೇ ಥರ, ವಾಲ್ವ್ ತೂತಿಗೂ ಕೂರುತ್ತದೆ, ಆದರೆ ಕಾರಿಗೆ ಕೇಳಿಸುವುದೇ ಇಲ್ಲ.

ಹಾಕಿಸುವಾಗ ನೀವೇ ನಿಂತು ನೋಡಬೇಕಾದ್ದು ಇಷ್ಟು. ಟೈರ್ ಬಿಚ್ಚುವ ಯಂತ್ರದಲ್ಲಿ ಪಕ್ಕೆ ಒತ್ತುವ ಸಲಾಕೆ ಇರುತ್ತದಲ್ಲ, ಅದು ವಾಲ್ವ್ ಇರುವ ಕಡೆ ಒತ್ತಬಾರದು. ಒತ್ತಿದರೆ ಒಳಗಿನ ಸೆನ್ಸರ್ ಪುಡಿ. ವಾಲ್ವ್‌ನಿಂದ ದೂರದ ಜಾಗದಲ್ಲಿ ಒತ್ತಿ ಶುರು ಮಾಡಲು ಹೇಳಿ. ರಸ್ತೆ ಬದಿಯಲ್ಲಿ ಕಬ್ಬಿಣದ ಲಿವರ್ ಹಾಕಿ ಎಬ್ಬಿಸುವ ಕಡೆ ಈ ಕೆಲಸ ಮಾಡಿಸಲೇಬೇಡಿ. ಸೆನ್ಸರ್ ಬಿಚ್ಚಿದ ಮೇಲೆ ಬುಡದ ರಬ್ಬರ್ ಸೀಲ್, ವಾಷರ್, ನಟ್ ಹೊಸದು ಹಾಕಿಸಿ, ಬೆಲೆ ಜಾಸ್ತಿ ಇಲ್ಲ. ಬುಡದ ನಟ್ಟನ್ನು ನಟ್ ಬಿಗಿಯುವ ಗನ್ನಿನಲ್ಲಿ ಬಿಗಿಯಲು ಬಿಡಬೇಡಿ, ವಾಲ್ವ್‌ನ ಅಲ್ಯೂಮಿನಿಯಂ ಕಡ್ಡಿ ಮುರಿದುಹೋಗುತ್ತದೆ. ಒಳಗಿನ ಪಿನ್ ನಿಕ್ಕಲ್ ಲೇಪನದ್ದೇ ಇರಲಿ. ಹಳದಿ ಹಿತ್ತಾಳೆಯದು ಹಾಕಿದರೆ ಅಲ್ಯೂಮಿನಿಯಂ ಜೊತೆ ಸೇರಿ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಒಂದು ದಿನ ಬಿಚ್ಚಲು ಹೋದರೆ ವಾಲ್ವೇ ಕಿತ್ತು ಬರುತ್ತದೆ. ಇದೇ ಕಾರಣಕ್ಕೆ ಮುಚ್ಚಳವೂ ಪ್ಲಾಸ್ಟಿಕ್ಕಿನದೇ ಇರಲಿ.

ಅಲಾಯ್‌ನಲ್ಲಿ ವಾಲ್ವ್ ತೂತಿನ ಓರೆ, ಒಳಗಿನ ಹಳ್ಳದ ಆಳ ನಿಮ್ಮ ಸೆನ್ಸರ್‌ಗೆ ಹೊಂದಬೇಕು. ಸೆನ್ಸರ್‌ನ ದೇಹ ರಿಮ್‌ಗೆ ಒರಗಿ ಕೂರಬೇಕು. ತೇಲಾಡುತ್ತಿದ್ದರೆ ಟೈರಿನ ಅಂಚು ಕೂರಿಸುವಾಗ ಅದಕ್ಕೇ ತಗುಲುತ್ತದೆ. ಮೊದಲ ಚಕ್ರದಲ್ಲೇ ಇದನ್ನು ನೋಡಿ, ಆಮೇಲೆ ಉಳಿದವನ್ನು ಬಿಚ್ಚಿಸಿ. ಕೊನೆಗೆ ನಾಲ್ಕೂ ಚಕ್ರ ಮತ್ತೆ ಬ್ಯಾಲೆನ್ಸಿಂಗ್. ಸೆನ್ಸರ್ ತೂಕ ಸೇರುವುದರಿಂದ ಮೊದಲಿನ ಸೀಸದ ತುಂಡುಗಳು ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ನಡುಕ. ನಿಮ್ಮ ಅಲಾಯ್‌ನ ನಡುವಿನ ದೊಡ್ಡ ತೂತು ಎಷ್ಟು ಮಿಲಿಮೀಟರ್? ಪೆಟ್ಟಿಗೆ ಮೇಲೆ ಇಲ್ಲವೇ ರಿಮ್‌ನ ಹಿಂದೆ ಬರೆದಿರುತ್ತದೆ.

ಹದಡಿ ರೋಡ್

ಪೆಟ್ಟಿಗೆ ಮೇಲೆ ಹೀಗಿದೆ: 17x7, 5x114.3, ಇಟಿ 38, ಸಿಬಿ (ನಡುವಿನ ತೂತು) 73.1. ಹಿಂದೆ ಜೆಡಬ್ಲ್ಯುಎಲ್, ವಿಐಎ ಅಂತ ಜಪಾನಿನ ಗುಣಮಟ್ಟದ ಗುರುತು ಇವೆ. ಕಂಪನಿ ಡಿಸ್ಕ್ 6.5 ಅಗಲ, ಇಟಿ 48. ಕಾರಿನ ಹಬ್ (ಚಕ್ರದ ನಡುವಿನ ತೂತು ಕೂರುವ ಉಬ್ಬು) 67.1 ಅಂತ ಗೊತ್ತಾಯಿತು.

ಪಿಬಿ ರೋಡ್ ಟೈರ್

ಸಿಕ್ಕಿತು ನೋಡಿ. ಹಬ್ 67.1, ರಿಮ್‌ನ ತೂತು 73.1. ನಡುವೆ 6 ಮಿಲಿಮೀಟರ್ ಖಾಲಿ. ಕಂಪನಿ ಡಿಸ್ಕ್ ಹಬ್‌ನ ಮೇಲೆ ಬಳೆ ಹಾಗೆ ಗಟ್ಟಿಯಾಗಿ ಕೂರುತ್ತದೆ, ಆ ಕಾರಣಕ್ಕೆ ತಾನೇ ನಡುಮಧ್ಯಕ್ಕೆ ಬರುತ್ತದೆ. ನಿಮ್ಮದು ಈಗ ಬರೀ ನಟ್‌ಗಳ ಮೇಲೆ ನಿಂತಿದೆ. ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೂ 80-100ರ ವೇಗದಲ್ಲಿ ಸ್ಟೇರಿಂಗ್‌ಗೆ ನಡುಕ ಬರುತ್ತದೆ. ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಎಲ್ಲ ಸೊನ್ನೆ ತೋರಿಸಿದರೂ ಹೋಗುವುದಿಲ್ಲ.

ಇದಕ್ಕೆ ಹಬ್ ರಿಂಗ್ ಸಿಗುತ್ತದೆ. ಹೊರಗೆ 73.1, ಒಳಗೆ 67.1 ಅಂತ ಕೇಳಿ ತಗೊಳ್ಳಿ. ಬೇರೆ ಬೇರೆ ಕಾರಿನ ಹಬ್ ಬೇರೆ ಬೇರೆ ಇರುವುದರಿಂದ ಅಲಾಯ್ ಮಾಡುವವರು ತೂತು ದೊಡ್ಡದಾಗೇ ಬಿಟ್ಟಿರುತ್ತಾರೆ, ಅದು ರಿಮ್‌ನ ತಪ್ಪಲ್ಲ. ರಿಂಗ್ ಹಾಕದೇ ಕಳಿಸಿದ್ದು ಅಂಗಡಿಯವರ ತಪ್ಪು.

ಇಟಿ ಲೆಕ್ಕವೂ ನೋಡೋಣ. ಚಕ್ರ ಹಬ್‌ಗೆ ಒರಗುವ ಜಾಗ ರಿಮ್‌ನ ನಡುಗೆರೆಯಿಂದ ಎಷ್ಟು ಮಿಲಿಮೀಟರ್ ಹೊರಗಡೆಗಿದೆ ಅನ್ನುವುದೇ ಇಟಿ. ಇಟಿ 48ರಿಂದ 38ಕ್ಕೆ ಬಂದರೆ ಚಕ್ರ 10 ಮಿಲಿಮೀಟರ್ ಹೊರಕ್ಕೆ ಬಂತು. ಅಗಲ ಅರ್ಧ ಇಂಚು ಜಾಸ್ತಿ, ಅದರ ಅರ್ಧ ಹೊರಗಡೆಗೆ, ಅಂದರೆ ಇನ್ನೂ 6 ಮಿಲಿಮೀಟರ್ ಚಿಲ್ಲರೆ. ಒಟ್ಟು ರಿಮ್‌ನ ಅಂಚು ಸುಮಾರು 16 ಮಿಲಿಮೀಟರ್ ಹೊರಗೆ ಬಂದಿದೆ. ಮಡ್‌ಗಾರ್ಡ್‌ನಿಂದ ಟೈರ್ ಹೊರಗೆ ಇಣುಕುತ್ತಿಲ್ಲ, ಐದು ಜನ ಕೂತು ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗೆ ಉಜ್ಜುತ್ತಿಲ್ಲ ಅಂದರೆ ಸರಿ. ಇದಕ್ಕಿಂತ ಕಡಿಮೆ ಇಟಿ ತಗೊಳ್ಳಬೇಡಿ. ವೀಲ್ ಬೇರಿಂಗ್ ಮೇಲೆ ಎಳೆತ ಜಾಸ್ತಿಯಾಗುತ್ತದೆ.

ಎತ್ತರದ ಲೆಕ್ಕ: 205/65 ಆರ್16 ಸುಮಾರು 673 ಮಿಲಿಮೀಟರ್. 215/60 ಆರ್17 ಸುಮಾರು 690. ಎರಡೂವರೆ ಶೇಕಡಾ ಜಾಸ್ತಿ. 3 ಶೇಕಡಾ ಒಳಗಿದೆ, ಪರವಾಗಿಲ್ಲ. ಸ್ಪೀಡೋಮೀಟರ್ ಮೊದಲು 100 ತೋರಿಸುತ್ತಿದ್ದ ಕಡೆ ಈಗ 97-98 ತೋರಿಸುತ್ತದೆ, ಅದು ನೆನಪಿರಲಿ.

ಮಾಯಕೊಂಡ ಮೆಕ್ಕೆಜೋಳ

ನನ್ನ ಅಭಿಪ್ರಾಯ ಬೇರೆ. ಹಳ್ಳಿ ಕಡೆ ಓಡಾಡುವವರು ಇಂಚು ಜಾಸ್ತಿ ಮಾಡಲೇಬಾರದು. ನಮ್ಮ ಅಣ್ಣನ ಮಗ ಸಣ್ಣ ಕಾರಿಗೆ ದೊಡ್ಡ ಅಲಾಯ್, ತೆಳ್ಳಗಿನ ಟೈರ್ ಹಾಕಿಸಿದ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗೆ ಬಿದ್ದು ರಿಮ್ ಒಡೆಯಿತು. ಕಬ್ಬಿಣದ ಡಿಸ್ಕ್ ಆಗಿದ್ದರೆ ಡೊಂಕಾಗುತ್ತಿತ್ತು, ಸುತ್ತಿಗೆಯಲ್ಲಿ ಬಡಿದು ಮನೆಗೆ ಬರುತ್ತಿದ್ದೆವು.

ಪಿಬಿ ರೋಡ್ ಟೈರ್

ಸಣ್ಣ ಕಾರಿನ ಮಟ್ಟಿಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಸ್ವಿಫ್ಟ್ ಲೆಕ್ಕ ತಗೊಳ್ಳಿ. ಕಬ್ಬಿಣದ ಡಿಸ್ಕಿನದು 165/80 ಆರ್14, ಟೈರಿನ ಪಕ್ಕೆ 132 ಮಿಲಿಮೀಟರ್. ಕಂಪನಿ ಅಲಾಯ್‌ನದು 185/65 ಆರ್15, ಪಕ್ಕೆ 120. ಜನ ಹಾಕಿಸುವ 195/55 ಆರ್16ರಲ್ಲಿ ಪಕ್ಕೆ 107 ಮಾತ್ರ. ಮೂರರ ಒಟ್ಟು ಎತ್ತರ ಒಂದೇ, ಸುಮಾರು 620. ರಬ್ಬರ್ ಕಡಿಮೆಯಾದಷ್ಟು ಗುಂಡಿಯ ಏಟು ನೇರ ರಿಮ್‌ಗೆ.

ಭಾರದ ಅಂಕಿಯನ್ನೂ ನೋಡಬೇಕು, ಅದನ್ನು ಯಾರೂ ನೋಡುವುದಿಲ್ಲ. 185/65 ಆರ್15 88 ಅಂದರೆ ಒಂದು ಟೈರ್ 560 ಕೆಜಿ ಹೊರುತ್ತದೆ. 195/55 ಆರ್16 87 ಅಂದರೆ 545. ಅಗಲ ಜಾಸ್ತಿ, ಹೊರುವುದು ಕಡಿಮೆ. ಕಂಪನಿ ಟೈರಿನಲ್ಲಿ ಇರುವ ಅಂಕಿಗಿಂತ ಕೆಳಗೆ ಇಳಿಯಬಾರದು.

ಹದಡಿ ರೋಡ್ ಅವರದ್ದು 60ರ ಪಕ್ಕೆ, 129 ಮಿಲಿಮೀಟರ್ ಇದೆ. ಅವರ ಹಳೇ ಟೈರಿನದು 133. ಹಾಗಾಗಿ ಅವರಿಗೆ ಅಷ್ಟು ಭಯವಿಲ್ಲ. ಒಡೆದ ಅಲಾಯ್‌ಗೆ ಮಾತ್ರ ವೆಲ್ಡಿಂಗ್ ಹಾಕಿಸಿ ಮತ್ತೆ ಹೈವೇಗೆ ಇಳಿಸಬೇಡಿ, ಯಾರೇ ಹೇಳಲಿ.

ಕುಂದವಾಡ ಕೆರೆ

ಗಾಳಿ ಎಷ್ಟು ಹಿಡಿಸಬೇಕು? ನನ್ನ ಕಾರಿನಲ್ಲಿ ಬೆಳಿಗ್ಗೆ 33 ಇದ್ದದ್ದು ದುರ್ಗ ದಾಟುವ ಹೊತ್ತಿಗೆ 37 ತೋರಿಸುತ್ತದೆ. ಬಂಕಿನಲ್ಲಿ ನಿಲ್ಲಿಸಿ ಇಳಿಸುತ್ತೇನೆ. ನೈಟ್ರೋಜನ್ ಹಾಕಿಸಿದರೆ ಏರುವುದಿಲ್ಲವಂತೆ?

ಪಿಬಿ ರೋಡ್ ಟೈರ್

ಇಳಿಸಬೇಡಿ! ಕಂಪನಿ ಬರೆದಿರುವುದು ತಣ್ಣಗಿನ ಟೈರಿನ ಲೆಕ್ಕ. ಕನಿಷ್ಠ ಮೂರು ಗಂಟೆ ನಿಂತ ಕಾರು, ಇಲ್ಲವೇ ಒಂದೆರಡು ಕಿಲೋಮೀಟರ್ ಒಳಗೆ ಓಡಿದ ಕಾರು. ಓಡಿದ ಮೇಲೆ 3-4 ಪಿಎಸ್‌ಐ ಏರುವುದನ್ನು ಲೆಕ್ಕ ಹಾಕಿಯೇ ಆ ಅಂಕಿ ಕೊಟ್ಟಿದ್ದಾರೆ.

ಓಡಿಸದೆಯೂ ಏರುತ್ತದೆ. ಬೆಳಿಗ್ಗೆ 20 ಡಿಗ್ರಿಯಲ್ಲಿ 33 ಇದ್ದ ಟೈರ್, ಮಧ್ಯಾಹ್ನ 38 ಡಿಗ್ರಿಗೆ ಸುಮಾರು 36 ಆಗುತ್ತದೆ. ಉಲ್ಟಾ ಲೆಕ್ಕ ಹಾಕಿ: ಮಧ್ಯಾಹ್ನ 38 ಡಿಗ್ರಿಯಲ್ಲಿ 33 ಮಾಡಿಸಿಕೊಂಡರೆ, ಡಿಸೆಂಬರ್‌ನ 15 ಡಿಗ್ರಿ ಚಳಿಯಲ್ಲಿ ಅದು 29-30ಕ್ಕೆ ಬಂದಿರುತ್ತದೆ. ಮುಂಜಾನೆ ದೀಪ ಬಂದು ಮಧ್ಯಾಹ್ನ ತಾನೇ ಹೋಗುವ ಕಾರುಗಳ ಕಥೆ ಜಾಸ್ತಿ ಇದೇ. ಸೆನ್ಸರ್ ಕೆಟ್ಟಿರುವುದಿಲ್ಲ, ಗಾಳಿ ಅಂಚಿನಲ್ಲಿರುತ್ತದೆ.

ನೈಟ್ರೋಜನ್ ಕೂಡ ಬಿಸಿಗೆ ಹಾಗೇ ಏರುತ್ತದೆ. ನಾವು ಹಿಡಿಸುವ ಮಾಮೂಲಿ ಗಾಳಿಯಲ್ಲೇ 78 ಶೇಕಡಾ ನೈಟ್ರೋಜನ್ ಇದೆ. ತೇವ ಇರುವುದಿಲ್ಲ ಅನ್ನುವುದೊಂದು ಲಾಭ. ದುಡ್ಡು ಕೊಟ್ಟು ಹುಡುಕಿಕೊಂಡು ಹೋಗುವಷ್ಟು ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಅದೇ ದುಡ್ಡಿಗೆ ಒಂದು ಒಳ್ಳೆ ಗೇಜ್ ತಗೊಳ್ಳಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಚೀಟಿ ಅಂಟಿಸಿರುತ್ತಾರೆ, ಇಬ್ಬರಿಗೆ ಎಷ್ಟು, ತುಂಬಿದ ಕಾರಿಗೆ ಎಷ್ಟು ಅಂತ. ಹೊಸಪೇಟೆಗೆ ಮನೆಯವರೆಲ್ಲ ಹೋಗುವಾಗ ತುಂಬಿದ ಕಾರಿನ ಅಂಕಿಯೇ ಹಿಡಿಸಿ. ಹದಡಿ ರೋಡ್ ಅವರೇ, ನಿಮ್ಮ ಚೀಟಿ 16 ಇಂಚಿನದು. ಟಾಪ್ ಮಾಡೆಲ್ ಕಾರಿನ ಚೀಟಿಯಲ್ಲಿ 215/60 ಆರ್17ಕ್ಕೆ ಏನಿದೆ ನೋಡಿಕೊಂಡು ಅದನ್ನೇ ಹಿಡಿಸಿ.

ಹದಡಿ ರೋಡ್

ಇವತ್ತು ಬೇರೆ ಅಂಗಡಿಗೆ ಹೋಗಿ ಎಲ್ಲ ಮಾಡಿಸಿದೆ. ಮೊದಲ ಚಕ್ರ ಬಿಚ್ಚಿ ಸೆನ್ಸರ್ ಕೂರಿಸಿ ನೋಡಿದೆವು, ರಿಮ್‌ಗೆ ಒರಗಿ ಸರಿಯಾಗಿ ಕೂತಿತು. ಆಮೇಲೆ ಉಳಿದ ಮೂರು. ಹೊಸ ಸೀಲ್, ಹಬ್ ರಿಂಗ್, ಬ್ಯಾಲೆನ್ಸಿಂಗ್ ಆಯಿತು. ಅಲ್ಲಿಂದ ಹೊರಟಾಗ ಗೆರೆಗಳೇ ಇದ್ದವು. ಶಾಮನೂರು ದಾಟುವ ಹೊತ್ತಿಗೆ ಒಂದೊಂದಾಗಿ ಅಂಕಿ ಬಂದು ದೀಪ ಆರಿತು. ಬೈಪಾಸಿನಲ್ಲಿ 100ರ ತನಕ ನೋಡಿದೆ, ಸ್ಟೇರಿಂಗ್ ಅಲ್ಲಾಡಲಿಲ್ಲ. ತುಂಬಾ ಖುಷಿ ಆಯಿತು.

ಒಂದು ಅನುಮಾನ. ಪರದೆಯಲ್ಲಿ ಮುಂದಿನ ಎಡದ್ದು 35, ಉಳಿದದ್ದು 33. ಗೇಜ್ ಹಾಕಿದರೆ ಹಿಂದಿನ ಬಲದ್ದು 35 ಬರುತ್ತಿದೆ.

ಪಿಬಿ ರೋಡ್ ಟೈರ್

ಒಳ್ಳೆಯದಾಯಿತು. ಸೆನ್ಸರ್‌ಗಳು ಜಾಗ ಅದಲು ಬದಲಾಗಿವೆ, ಅಷ್ಟೇ. ಮೊದಲು ಮುಂದಿನ ಎಡಕ್ಕಿದ್ದ ಸೆನ್ಸರ್ ಈಗ ಹಿಂದಿನ ಬಲದಲ್ಲಿದೆ. ಕೆಲವು ಕಾರು ಇದನ್ನೂ ತಾನೇ ಕಂಡುಕೊಳ್ಳುತ್ತದೆ. ಎರಡು ದಿನ ಓಡಿಸಿ ನೋಡಿ. ಹಾಗೇ ಇದ್ದರೆ ಶೋರೂಮಿನಲ್ಲಿ ಸ್ಕ್ಯಾನರ್ ಹಾಕಿ ಜಾಗ ಬರೆಸಿ. ಹಾಗೇ ಬಿಟ್ಟರೆ ದಾರಿಯಲ್ಲಿ ಒಂದು ಚಕ್ರ ಪಂಚರ್ ಆದಾಗ ಪರದೆ ಬೇರೆ ಚಕ್ರ ತೋರಿಸುತ್ತದೆ.

ಇನ್ನು ಹೊರಡುವ ಮುಂಚೆ ಮೂರು ಕೆಲಸ ಬಾಕಿ. 50-100 ಕಿಲೋಮೀಟರ್ ಓಡಿದ ಮೇಲೆ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ (ಎಷ್ಟು ಬಿಗಿ ಅಂತ ಅಳೆಯುವ ಪಾನಾ), ಎದುರು ಬದುರು ಲೆಕ್ಕದಲ್ಲಿ ಮತ್ತೆ ಬಿಗಿಸಿ, ಅಂಕಿ ಕಾರಿನ ಪುಸ್ತಕದಲ್ಲಿದೆ. ಸ್ಟೆಪ್ನಿ ಕಬ್ಬಿಣದ 16 ಇಂಚಿನದೇ ಇದೆ ಅಲ್ವಾ? ಅಲಾಯ್‌ಗೆ ಬೇರೆ ನಟ್ ಕೊಟ್ಟಿದ್ದರೆ ಹಳೇ ನಟ್ ಐದನ್ನು ಡಿಕ್ಕಿಯಲ್ಲೇ ಇಟ್ಟುಕೊಳ್ಳಿ. ಅಲಾಯ್ ನಟ್ ಆ ಡಿಸ್ಕಿಗೆ ಸರಿಯಾಗಿ ಕೂರದೇ ಇರಬಹುದು. ಸ್ಟೆಪ್ನಿ ಹಾಕಿದಾಗ ನಿಧಾನ ಹೋಗಿ, ಅದರಲ್ಲಿ ಸೆನ್ಸರ್ ಇಲ್ಲದಿದ್ದರೆ ದೀಪ ಬಂದೇ ಬರುತ್ತದೆ. ವಿಮೆ ಕಂಪನಿಗೂ ಅಲಾಯ್ ಹಾಕಿಸಿದ್ದನ್ನು ಬಿಲ್ ಸಮೇತ ತಿಳಿಸಿಬಿಡಿ.

ಜೋಗಿಮಟ್ಟಿ

ಪ್ರತಿ ವಾಲ್ವ್ ಪಕ್ಕ "ಒಳಗೆ ಸೆನ್ಸರ್ ಇದೆ" ಅಂತ ಒಂದು ಚೀಟಿ ಅಂಟಿಸಿ ಸರ್. ದಾರಿಯಲ್ಲಿ ಪಂಚರ್ ಆದರೆ ಹುಡುಗರಿಗೆ ಗೊತ್ತಿರುವುದಿಲ್ಲ. ಸೋರದ ಹಾಗೆ ಟೈರೊಳಗೆ ದ್ರವ ಹಾಕಲೂ ಬಿಡಬೇಡಿ, ಕೆಲವು ದ್ರವ ಸೆನ್ಸರ್‌ನ ತೂತು ಮುಚ್ಚಿಬಿಡುತ್ತವೆ.

ಹಿರಿಯೂರು ತೆಂಗು

ಈ ಒಳಗಿನ ಸೆನ್ಸರ್‌ನ ಬ್ಯಾಟರಿ ಎಷ್ಟು ವರ್ಷ ಬರುತ್ತದೆ ತಮ್ಮಾ? ನನ್ನ ಮಗ ಹೊಸ ಕಾರು ನೋಡುತ್ತಿದ್ದಾನೆ.

ಪಿಬಿ ರೋಡ್ ಟೈರ್

ಐದರಿಂದ ಹತ್ತು ವರ್ಷ ಅಣ್ಣ, ಓಡಾಟದ ಮೇಲೆ ಹೋಗುತ್ತದೆ. ಬ್ಯಾಟರಿ ಒಳಗೇ ಎರಕ ಹಾಕಿ ಮುಚ್ಚಿರುತ್ತಾರೆ, ಬದಲಿಸಲು ಬರುವುದಿಲ್ಲ. ಸೆನ್ಸರ್ ಪೂರ್ತಿ ಹೊಸದೇ ಹಾಕಬೇಕು. ಒಂದು ಹೋದರೆ ಉಳಿದವಕ್ಕೂ ಅಷ್ಟೇ ವಯಸ್ಸಾಗಿರುತ್ತದೆ. ಹಾಗಾಗಿ ಆ ಹೊತ್ತಿಗೆ ಟೈರ್ ಬದಲಿಸುವುದಿದ್ದರೆ ನಾಲ್ಕೂ ಒಟ್ಟಿಗೆ ಹಾಕಿಸಿಬಿಡಲು ಹೇಳಿ, ಟೈರ್ ಬಿಚ್ಚುವ ಕೂಲಿ ಒಂದೇ ಸಲಕ್ಕೆ ಮುಗಿಯುತ್ತದೆ. ಮುಚ್ಚಳದ ಸೆನ್ಸರ್ ಆದರೆ ಹೆಚ್ಚಿನವುಗಳಲ್ಲಿ ಸಿಆರ್1632 ಅನ್ನುವ ಗುಂಡಿ ಸೆಲ್ ಇರುತ್ತದೆ, ಮನೆಯಲ್ಲೇ ಬದಲಿಸಬಹುದು.